ಕಡಲೆಕಾಯಿ ಅಲರ್ಜಿ ಇರುವ ಮಗುವಿನ ಚೀಲದಲ್ಲಿ ಯಾವ ಅಡ್ರಿನಲಿನ್ ಇರಬೇಕು?

ಚಿಕ್ಕಿಯ ಒಂದು ತುಣುಕು ತಿಂದ ಹತ್ತೇ ನಿಮಿಷಕ್ಕೆ ಮೈತುಂಬ ಗಂಧೆ ಎದ್ದು, ವಾಂತಿಯಾಗಿ, ಉಸಿರು ಕಟ್ಟಿದ ಮಗು ಚೇತರಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬರುತ್ತದೆ. ತಂದೆತಾಯಿಯ ಕೈಯಲ್ಲಿ ಒಂದು ಚೀಟಿ: ‘ಅಡ್ರಿನಲಿನ್ ಸದಾ ಜೊತೆಗಿರಲಿ.’ ಗೊಂದಲ ಶುರುವಾಗುವುದು ಅಲ್ಲಿಂದಲೇ. ಮೆಡಿಕಲ್ ಶಾಪಿನಲ್ಲಿ ಗಾಜಿನ ಆಂಪೂಲ್, ಅಂದರೆ ಮದ್ದು ತುಂಬಿ ಮೊಹರು ಮಾಡಿದ ಪುಟ್ಟ ಶೀಷೆ ಕೊಡುತ್ತಾರೆ. ಅಮೆರಿಕದಲ್ಲಿರುವ ಚಿಕ್ಕಪ್ಪ, ಒತ್ತಿದರೆ ತಾನೇ ಚುಚ್ಚುವ ಇಂಜೆಕ್ಷನ್ ಪೆನ್ ಕಳಿಸುತ್ತೇನೆ ಅನ್ನುತ್ತಾರೆ. ಸೂಜಿಯೇ ಇಲ್ಲದ, ಮೂಗಿಗೆ ಹೊಡೆಯುವ ಸ್ಪ್ರೇ ಬಂದಿದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಪಕ್ಕದ ಮನೆಯವರಂತೂ ಅವಿಲ್ ಮಾತ್ರೆ ಇದ್ದರೆ ಸಾಕು ಎಂದುಬಿಡುತ್ತಾರೆ.

ಕೊನೆಯ ಮಾತನ್ನು ಮೊದಲೇ ತೆಗೆದುಹಾಕೋಣ. ಅವಿಲ್, ಸೆಟಿರಿಜಿನ್‌ನಂಥ ಮಾತ್ರೆಗಳು ತುರಿಕೆ, ಗಂಧೆ ಕಡಿಮೆ ಮಾಡುತ್ತವೆ, ಅಷ್ಟೇ. ಊದಿಕೊಂಡ ಗಂಟಲನ್ನು ಅವು ಬಿಡಿಸಲಾರವು, ಕುಸಿದ ರಕ್ತದೊತ್ತಡವನ್ನು ಎತ್ತಲಾರವು. ಸ್ಟೀರಾಯ್ಡ್ ಇಂಜೆಕ್ಷನ್ ಕೆಲಸ ಶುರು ಮಾಡಲು ಗಂಟೆಗಳೇ ಬೇಕು. ತೀವ್ರ ಅಲರ್ಜಿಗೆ ಮೊದಲ ಮದ್ದು ಅಡ್ರಿನಲಿನ್ ಒಂದೇ. ಆದ್ದರಿಂದ ಇಲ್ಲಿ ಹೋಲಿಸುತ್ತಿರುವುದು ಅಡ್ರಿನಲಿನ್ ಬೇಕೋ ಬೇಡವೋ ಎಂಬುದನ್ನಲ್ಲ, ಅದು ಯಾವ ರೂಪದಲ್ಲಿ ಜೊತೆಗಿರಬೇಕು ಎಂಬುದನ್ನು.

ಇನ್ನೊಂದು ವಿಷಯವೂ ಮೊದಲೇ ಖಚಿತವಾಗಬೇಕು: ಮಗುವಿಗೆ ನಿಜವಾಗಿ ಅಲರ್ಜಿ ಇದೆಯೇ? ಬೆಂಗಳೂರು, ಮೈಸೂರು ಭಾಗದ ವಯಸ್ಕರಲ್ಲಿ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯಲ್ಲಿ ಶೇ 26.5 ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಐಜಿಇ, ಅಂದರೆ ಅಲರ್ಜಿಗೆ ಕಾರಣವಾಗುವ ಪ್ರತಿಕಾಯ ಕಂಡುಬಂತು. ಆದರೆ ಆಹಾರ ಅಲರ್ಜಿ ಇರಬಹುದೆನ್ನಿಸಿದವರು ಶೇ 1.2 ಮಾತ್ರ. ಅಂದರೆ ನೂರಾರು ಪದಾರ್ಥಗಳ ‘ಅಲರ್ಜಿ ಪ್ಯಾನೆಲ್’ ಮಾಡಿಸಿ, ಕಡಲೆಕಾಯಿ ಎದುರು ‘ಪಾಸಿಟಿವ್’ ಎಂದು ಬಂದ ಮಾತ್ರಕ್ಕೆ ಮಗುವನ್ನು ರೋಗಿ ಮಾಡಬೇಕಿಲ್ಲ. ತಿಂದಾಗ ಏನಾಯಿತು, ಎಷ್ಟು ನಿಮಿಷಕ್ಕೆ ಆಯಿತು ಎಂಬುದೇ ಮುಖ್ಯ ಸಾಕ್ಷ್ಯ. ಜೊತೆಗೆ ಅರ ಎಚ್ 2 ಎಂಬ ಕಡಲೆಕಾಯಿ ಪ್ರೋಟೀನಿನ ವಿರುದ್ಧದ ಐಜಿಇ ಪರೀಕ್ಷೆ ಮಾಡಿಸಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ತಿಂದು ತೊಂದರೆಯಾದದ್ದು ನಿಜ, ಪರೀಕ್ಷೆಯೂ ಹೌದೆನ್ನುತ್ತದೆ ಎಂದಾದರೆ ಮುಂದೆ ಓದಿ.

ಯಾವುದರ ಮೇಲೆ ಅಳೆಯಬೇಕು

ಮೊದಲನೆಯದು ಸಮಯ. ಆಹಾರದ ಅಲರ್ಜಿಯಿಂದ ಸತ್ತವರ ಪ್ರಕರಣಗಳನ್ನು ಬ್ರಿಟನ್‌ನಲ್ಲಿ ಪರಿಶೀಲಿಸಿದಾಗ, ತಿಂದ ಮೇಲೆ ಉಸಿರೋ ಹೃದಯವೋ ನಿಲ್ಲಲು ಹಿಡಿದ ಮಧ್ಯಕ ಕಾಲ 30 ನಿಮಿಷ ಎಂದು ಕಂಡುಬಂತು. ಸಂಜೆಯ ಹೊತ್ತು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಬಿದ್ದ ಕಾರಿಗೆ ಆ 30 ನಿಮಿಷ ಏನೇನೂ ಅಲ್ಲ. ತಾಲ್ಲೂಕು ಆಸ್ಪತ್ರೆಗೆ 25 ಕಿಲೋಮೀಟರ್ ಇರುವ ಹಳ್ಳಿಗೂ ಅಷ್ಟೇ.

ಎರಡನೆಯದು, ಕೊಡುವವರು ಯಾರು. ಮನೆಯಲ್ಲಿ ಅಮ್ಮನೋ ಅಜ್ಜಿಯೋ, ಶಾಲೆಯಲ್ಲಿ ಕ್ಲಾಸ್ ಟೀಚರೋ, ಹಾಸ್ಟೆಲಿನಲ್ಲಿ ಪಕ್ಕದ ಮಂಚದ ಗೆಳೆಯನೋ? ಮೂರನೆಯದು ಡೋಸ್. ಮಗುವಿನ ತೂಕದ ಪ್ರತಿ ಕೆ.ಜಿ.ಗೆ 0.01 ಮಿ.ಗ್ರಾಂ, ಮಕ್ಕಳಿಗೆ ಹೆಚ್ಚೆಂದರೆ 0.3 ಮಿ.ಗ್ರಾಂ, ದೊಡ್ಡವರಷ್ಟು ಬೆಳೆದ ಹದಿಹರೆಯದವರಿಗೆ 0.5 ಮಿ.ಗ್ರಾಂ. ಆಮೇಲೆ ಬಿಸಿಲು, ಬೆಲೆ, ಮತ್ತು ಎರಡನೇ ಡೋಸ್. ಸುಮಾರು ಹತ್ತರಲ್ಲಿ ಒಬ್ಬರಿಗೆ ಒಂದು ಡೋಸ್ ಸಾಲದು. ಹಾಗಾಗಿ ಯಾವ ರೂಪವನ್ನೇ ಆರಿಸಿ, ಚೀಲದಲ್ಲಿ ಎರಡು ಇರಲೇಬೇಕು.

ಗಾಜಿನ ಆಂಪೂಲ್ ಮತ್ತು ಸಿರಿಂಜ್

ಕರ್ನಾಟಕದ ಬಹುಪಾಲು ಮನೆಗಳಿಗೆ ಕೈಗೆಟಕುವ ಆಯ್ಕೆ ಇದೇ. 1 ಮಿ.ಲೀ. ಆಂಪೂಲಿನಲ್ಲಿ 1 ಮಿ.ಗ್ರಾಂ ಅಡ್ರಿನಲಿನ್ ಇರುತ್ತದೆ. ಲೇಬಲ್ ಮೇಲೆ 1:1000 ಎಂದೂ ಬರೆದಿರುತ್ತದೆ. ಬೆಲೆ ತೀರಾ ಕಡಿಮೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ, ಲಸಿಕೆ ಹಾಕುವ ಆರೋಗ್ಯ ಸಹಾಯಕಿಯರ ತುರ್ತು ಕಿಟ್‌ನಲ್ಲೂ ಇರುವುದು ಇದೇ ಮದ್ದು.

ಇದರ ದೊಡ್ಡ ಗುಣವೆಂದರೆ ಯಾವ ತೂಕಕ್ಕೂ ಕರಾರುವಾಕ್ಕಾದ ಡೋಸ್ ಕೊಡಬಹುದು. 12 ಕೆ.ಜಿ. ಮಗುವಿಗೆ 0.12 ಮಿ.ಲೀ., 20 ಕೆ.ಜಿ.ಗೆ 0.2, 25 ಕೆ.ಜಿ.ಗೆ 0.25. ಐವತ್ತು ಕೆ.ಜಿ. ತೂಗುವ ಪಿಯುಸಿ ಹುಡುಗನಿಗೆ 0.5.

ದೊಡ್ಡ ದೋಷವೂ ಅಲ್ಲೇ ಇದೆ: ಅಳೆಯಬೇಕಾದವರು ಗಾಬರಿಯಲ್ಲಿರುವ ತಂದೆತಾಯಿ. ಕೆನಡಾದಲ್ಲಿ 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪೋಷಕರ ಕೈಗೆ ಆಂಪೂಲ್, ಸಿರಿಂಜ್ ಕೊಟ್ಟು ಶಿಶುವಿನ ಡೋಸ್ ಎಳೆಯಲು ಹೇಳಿದರು. ತುರ್ತು ವಿಭಾಗದ ನರ್ಸ್‌ಗಳು ಸರಾಸರಿ 29 ಸೆಕೆಂಡಿನಲ್ಲಿ ಮುಗಿಸಿದ ಕೆಲಸಕ್ಕೆ ಪೋಷಕರಿಗೆ 142 ಸೆಕೆಂಡ್ ಹಿಡಿಯಿತು. ಅವರು ಎಳೆದ ಮದ್ದಿನಲ್ಲಿ ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ನಡುವೆ 40 ಪಟ್ಟು ಅಂತರವಿತ್ತು. ಅದೂ ಎದುರಿಗೆ ಮಗು ಒದ್ದಾಡುತ್ತಿರಲಿಲ್ಲ.

ಹಾಗಾಗಿ ಆಂಪೂಲ್ ಆರಿಸಿದರೆ ಅದರ ಜೊತೆಗೆ ಅಭ್ಯಾಸವನ್ನೂ ಆರಿಸಿದಂತೆ. ಡಬ್ಬಿಯಲ್ಲಿ ಇವಿಷ್ಟಿರಲಿ: ಮೂರು ಆಂಪೂಲ್ (ಒಂದು ಒಡೆದು ಹೋಗಬಹುದು), 0.01ರ ಗೆರೆಗಳಿರುವ 1 ಮಿ.ಲೀ. ಟ್ಯೂಬರ್ಕ್ಯುಲಿನ್ ಸಿರಿಂಜ್ ಮೂರು, 1 ಇಂಚು ಉದ್ದದ 23ರಿಂದ 25 ಗೇಜ್ ಸೂಜಿಗಳು, ಗಾಜ್ ಬಟ್ಟೆ, ಮತ್ತು ಡಾಕ್ಟರು ಕೈಯಾರೆ ‘ಇಷ್ಟು ಮಿ.ಲೀ.’ ಎಂದು ಬರೆದು ಸಹಿ ಹಾಕಿದ ಚೀಟಿ. ಇನ್ಸುಲಿನ್ ಸಿರಿಂಜ್ ಬೇಡ. ಅದಕ್ಕೆ ಅಂಟಿಕೊಂಡೇ ಇರುವ ಸೂಜಿ ಗಿಡ್ಡ, ಮದ್ದು ಸ್ನಾಯುವಿಗೆ ಹೋಗದೆ ಚರ್ಮದ ಕೆಳಗೆ ಉಳಿಯುತ್ತದೆ; ಮೇಲಾಗಿ 40 ಯೂನಿಟ್ಟಿನದೋ 100 ಯೂನಿಟ್ಟಿನದೋ ಎಂಬ ಗೊಂದಲ ಬೇರೆ. ಚರ್ಮದ ಕೆಳಗೆ ಉಳಿದರೆ ಏನಾಗುತ್ತದೆ? ಮಕ್ಕಳಲ್ಲೇ ಅಳೆದು ನೋಡಿದ ಲೆಕ್ಕವಿದೆ: ತೊಡೆಯ ಸ್ನಾಯುವಿಗೆ ಕೊಟ್ಟ ಅಡ್ರಿನಲಿನ್ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟಲು ಸುಮಾರು 8 ನಿಮಿಷ, ಚರ್ಮದ ಕೆಳಗೆ ಕೊಟ್ಟದ್ದಕ್ಕೆ ಸುಮಾರು 34 ನಿಮಿಷ.

ಎಳೆಯುವ ಕ್ರಮ ಹೀಗೆ. ಆಂಪೂಲಿನ ತಲೆಯಲ್ಲಿ ನಿಂತ ಮದ್ದು ಕೆಳಗಿಳಿಯುವಂತೆ ಬೆರಳಿನಿಂದ ಎರಡು ಸಲ ತಟ್ಟಿ. ಕುತ್ತಿಗೆಯ ಹತ್ತಿರ ಚುಕ್ಕಿ ಇದ್ದರೆ ಅದು ನಿಮ್ಮ ಕಡೆಗಿರಲಿ. ಗಾಜ್ ಬಟ್ಟೆ ಸುತ್ತಿ, ತಲೆಯನ್ನು ನಿಮ್ಮಿಂದ ಆಚೆಗೆ ಬಾಗಿಸಿ ಮುರಿಯಿರಿ. ಬೇಕಾದ್ದಕ್ಕಿಂತ ತುಸು ಹೆಚ್ಚು ಎಳೆದುಕೊಂಡು, ಸೂಜಿ ಮೇಲ್ಮುಖ ಮಾಡಿ, ಗಾಳಿಯನ್ನೂ ಹೆಚ್ಚಿನ ಮದ್ದನ್ನೂ ಹೊರಹಾಕುತ್ತಾ ಸರಿಯಾದ ಗೆರೆಗೆ ತನ್ನಿ. ತೊಡೆಯ ಹೊರಮಗ್ಗುಲಿನ ನಟ್ಟನಡುವೆ ಲಂಬವಾಗಿ ಚುಚ್ಚಿ ಒತ್ತಿ. ರಕ್ತನಾಳಕ್ಕೆ ಮನೆಯಲ್ಲಿ ಎಂದೂ ಕೊಡಬಾರದು. ಅತಿ ಅಪಾಯದ ತಪ್ಪೆಂದರೆ ‘ಒಂದು ಆಂಪೂಲ್ ಅಂದರೆ ಒಂದು ಡೋಸ್’ ಎಂದು ತಿಳಿಯುವುದು. 20 ಕೆ.ಜಿ. ಮಗುವಿಗೆ ಇಡೀ ಆಂಪೂಲ್ ಕೊಟ್ಟರೆ ಐದು ಪಟ್ಟು ಡೋಸ್ ಕೊಟ್ಟಂತೆ. ಅವಧಿ ಮುಗಿದ ಆಂಪೂಲನ್ನು ಎಸೆಯಬೇಡಿ. ಅದನ್ನು ಮುರಿದು, ಎಳೆದು, ಮೂಸಂಬಿಗೆ ಚುಚ್ಚಿ ಕಲಿಯಿರಿ. ಗಡಿಯಾರ ಹಿಡಿದು ಒಂದು ನಿಮಿಷದೊಳಗೆ ಬರುವವರೆಗೂ ಮಾಡಿ.

ಮೊದಲೇ ತುಂಬಿಟ್ಟ ಸಿರಿಂಜ್

ಆಂಪೂಲಿನ ಅಗ್ಗದ ಬೆಲೆಗೆ ಪೆನ್ನಿನ ವೇಗವನ್ನು ಸ್ವಲ್ಪ ಮಟ್ಟಿಗೆ ಸೇರಿಸುವ ಉಪಾಯವಿದು. ಅಲರ್ಜಿ ಕ್ಲಿನಿಕ್ಕಿನಲ್ಲಿ, ಅಥವಾ ತರಬೇತಿ ಪಡೆದ ಪೋಷಕರೇ, ಮಗುವಿನ ಡೋಸನ್ನು ಸಿರಿಂಜಿಗೆ ಎಳೆದು ಸೂಜಿಗೆ ಮುಚ್ಚಳ ಹಾಕಿ ಇಡುತ್ತಾರೆ. ಅವಘಡದ ಹೊತ್ತಿನಲ್ಲಿ ಗಾಜು ಮುರಿಯುವುದಿಲ್ಲ, ಅಳೆಯುವುದಿಲ್ಲ. ಮುಚ್ಚಳ ತೆಗೆದು ಚುಚ್ಚುವುದಷ್ಟೇ.

ಬೆಲೆ ತೆರಬೇಕಾದ್ದು ಮದ್ದಿನ ಬಾಳಿಕೆಯಲ್ಲಿ. ಆಂಪೂಲ್ ಮೊಹರಾಗಿರುವ ಗಾಜು, ಸಿರಿಂಜ್ ಅಲ್ಲ. 38 ಡಿಗ್ರಿ ಶಾಖದಲ್ಲಿಟ್ಟು ಪರೀಕ್ಷಿಸಿದಾಗ ಇಂಥ ಸಿರಿಂಜಿನ ಮದ್ದು ಕೆಲವೇ ತಿಂಗಳಲ್ಲಿ ಸತ್ವ ಕಳೆದುಕೊಂಡಿತು. ಎರಡು ತಿಂಗಳಿಗೊಮ್ಮೆ, ತಡವಾದರೂ ಮೂರು ತಿಂಗಳೊಳಗೆ ಬದಲಿಸಿ. ತುಂಬಿದ ದಿನಾಂಕವನ್ನು ಸಿರಿಂಜಿನ ಮೇಲೆಯೇ ಅಂಟಿಸಿ. ಬಣ್ಣ ಗುಲಾಬಿ ಅಥವಾ ಕಂದಾದರೆ, ಕಣ ಕಂಡರೆ, ಆ ದಿನವೇ ಬದಲಿಸಿ. ಶಾಲೆಯ ಚೀಲದಲ್ಲಿ ಪುಸ್ತಕ ಒತ್ತಿ ಪಿಸ್ಟನ್ ತಾನಾಗಿ ಒಳಗೆ ಹೋಗಿ ಮದ್ದೆಲ್ಲ ಸೋರಿಹೋಗುವುದು ಸಾಮಾನ್ಯ. ಗಟ್ಟಿಯಾದ ಕಂಪಾಸ್ ಬಾಕ್ಸಿನೊಳಗೆ, ಬೆಳಕು ಬೀಳದಂತೆ ಇಡಿ. ಎರಡು ತಿಂಗಳಿಗೊಮ್ಮೆ ನೆನಪಿಟ್ಟು ಬದಲಿಸುವ ಶಿಸ್ತಿನ ಮನೆಗೆ ಇದು ಒಳ್ಳೆಯ ಆಯ್ಕೆ. ಆ ಶಿಸ್ತು ಕಷ್ಟವೆನ್ನುವ ಮನೆಗೆ ಆಂಪೂಲೇ ವಾಸಿ.

ಆಟೋ-ಇಂಜೆಕ್ಟರ್, ಅಂದರೆ ಪೆನ್

ಕೊಡುವವರು ವೈದ್ಯರಲ್ಲದಿದ್ದರೆ ಇದಕ್ಕಿಂತ ಭರವಸೆಯ ಸಾಧನ ಇನ್ನೊಂದಿಲ್ಲ. ಅಳೆಯಬೇಕಿಲ್ಲ, ಸೂಜಿ ಕಣ್ಣಿಗೆ ಕಾಣುವುದಿಲ್ಲ, ಜೀನ್ಸ್ ಪ್ಯಾಂಟಿನ ಮೇಲಿಂದಲೂ ಹೊಡೆಯಬಹುದು. ಎಪಿಪೆನ್ ಎಂಬ ಬ್ರಾಂಡ್ ಆದರೆ ನೀಲಿ ಮುಚ್ಚಳ ಕಿತ್ತು, ಕಿತ್ತಳೆ ತುದಿಯನ್ನು ತೊಡೆಯ ಹೊರಮಗ್ಗುಲಿಗೆ ‘ಕ್ಲಿಕ್’ ಎನ್ನುವವರೆಗೆ ಒತ್ತಿ, ಮೂರು ಸೆಕೆಂಡ್ ಹಿಡಿದಿಟ್ಟರೆ ಕೆಲಸ ಮುಗಿಯಿತು.

ಇದರಲ್ಲೂ ತಪ್ಪಾಗುತ್ತದೆ. ನೀಲಿ ಮುಚ್ಚಳ ತೆಗೆಯಲು ಮರೆತು ಒತ್ತುತ್ತಾರೆ. ತಲೆಕೆಳಗಾಗಿ ಹಿಡಿದು ಹೆಬ್ಬೆರಳಿಗೇ ಚುಚ್ಚಿಕೊಳ್ಳುತ್ತಾರೆ. ಯಾವ ತುದಿಯ ಮೇಲೂ ಹೆಬ್ಬೆರಳು ಇಡದೆ ಮುಷ್ಟಿಯಲ್ಲಿ ಹಿಡಿಯುವುದೇ ಇದಕ್ಕೆ ಪರಿಹಾರ. ಪುಟ್ಟ ಮಕ್ಕಳು ಕಾಲು ಒದ್ದುಕೊಂಡಾಗ ಸೂಜಿ ಸರಿದು ಗೀರು ಬೀಳುತ್ತದೆ. ಮೊದಲು ಕಾಲನ್ನು ಬಿಗಿಯಾಗಿ ಹಿಡಿದುಕೊಂಡೇ ಹೊಡೆಯಬೇಕು.

ಡೋಸ್ ವಿಷಯದಲ್ಲಿ ಪೆನ್ನಿಗೆ ಆಂಪೂಲಿನ ನಿಖರತೆ ಇಲ್ಲ. ಸಾಮಾನ್ಯವಾಗಿ ಸಿಗುವುದು ಎರಡೇ ಅಳತೆ. 15ರಿಂದ 30 ಕೆ.ಜಿ.ಗೆ 0.15 ಮಿ.ಗ್ರಾಂ, ಅದಕ್ಕಿಂತ ಮೇಲಿನವರಿಗೆ 0.3. ಮಗು 25 ಕೆ.ಜಿ. ದಾಟುತ್ತಿದ್ದಂತೆ 0.3ಕ್ಕೆ ಏರಿಸಬೇಕೆಂಬುದು ಅಮೆರಿಕದ ಮಕ್ಕಳ ತಜ್ಞರ ಸಂಘದ ಸಲಹೆ, ನಮ್ಮದೂ ಅದೇ. ಹದಿನಾರರ ಹುಡುಗನಿಗೆ 0.3 ಕಡಿಮೆಯೇ, ಅವನ ಜೊತೆ ಎರಡು ಪೆನ್ ಇರಲೇಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ನಮ್ಮಲ್ಲಿ ದೊಡ್ಡ ಅಡ್ಡಿ ಸಿಗುವುದರದ್ದು. ಇದು ಬೀದಿಯ ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ಸಿಗುವ ವಸ್ತುವಲ್ಲ. ಡಾಕ್ಟರ ಚೀಟಿಯೊಂದಿಗೆ ಔಷಧ ಆಮದಿನ ನಮೂನೆ 12-ಎ ಅರ್ಜಿ ಹಾಕಿ, 12-ಬಿ ಪರವಾನಗಿ ಪಡೆದು ಸ್ವಂತ ಬಳಕೆಗೆ ತರಿಸಬಹುದು. ವಿದೇಶದಿಂದ ಬರುವ ನೆಂಟರು ಕೈಚೀಲದಲ್ಲಿ ತರುವುದೂ ಉಂಟು. ಚೀಟಿ ಜೊತೆಗಿರಲಿ, ಲಗೇಜಿಗೆ ಹಾಕದೆ ಕೈಯಲ್ಲೇ ಇಟ್ಟುಕೊಳ್ಳಲಿ. ಅಮೆರಿಕದಲ್ಲಿ 2016ರಲ್ಲಿ ಎರಡು ಎಪಿಪೆನ್ನಿನ ಪೊಟ್ಟಣದ ಪಟ್ಟಿಬೆಲೆ 600 ಡಾಲರ್ ದಾಟಿ ಸಂಸತ್ತಿನವರೆಗೂ ಗಲಾಟೆ ಹೋಗಿತ್ತು; ಆಮೇಲೆ ಅಗ್ಗದ ಜೆನರಿಕ್‌ಗಳು ಬಂದವು. ಕೊಂಡ ದಿನದಿಂದ ಬಹುಶಃ ಒಂದು, ಒಂದೂವರೆ ವರ್ಷ ಬಾಳಿಕೆ. ಅಂಗಡಿಯಲ್ಲಿ ಕೊಳ್ಳುವಾಗಲೇ ಅವಧಿಯ ತಿಂಗಳು ನೋಡಿ, ದೂರದ್ದನ್ನೇ ಕೇಳಿ ಪಡೆಯಲು ನೆಂಟರಿಗೆ ಹೇಳಿ. ಒಬ್ಬರು ಬರುವುದು ತಪ್ಪಿದರೆ ಮಗು ಮದ್ದಿಲ್ಲದೆ ಉಳಿಯಬಾರದು. ಆದ್ದರಿಂದ ಪೆನ್ ಇದ್ದ ಮನೆಯಲ್ಲೂ ಆಂಪೂಲ್ ಡಬ್ಬಿ ಇರಬೇಕು.

ಮೂಗಿನ ಸ್ಪ್ರೇ

ನೆಫಿ ಎಂಬ 2 ಮಿ.ಗ್ರಾಂ ಸ್ಪ್ರೇಗೆ ಅಮೆರಿಕದಲ್ಲಿ 2024ರ ಆಗಸ್ಟ್‌ನಲ್ಲಿ, 30 ಕೆ.ಜಿ. ಮೇಲಿನವರಿಗೆಂದು ಒಪ್ಪಿಗೆ ಸಿಕ್ಕಿತು. 2025ರ ಮಾರ್ಚ್‌ನಲ್ಲಿ 15ರಿಂದ 30 ಕೆ.ಜಿ.ಯ, ನಾಲ್ಕು ವರ್ಷ ತುಂಬಿದ ಮಕ್ಕಳಿಗೆ 1 ಮಿ.ಗ್ರಾಂ ಅಳತೆಯೂ ಬಂತು. ಒಂದು ಸಾಧನಕ್ಕೆ ಒಂದೇ ಸಿಂಪಡಿಕೆ. ಪರೀಕ್ಷೆಗೆಂದು ಒಮ್ಮೆ ಗಾಳಿಗೆ ಒತ್ತಿದರೆ ಮುಗಿಯಿತು, ಮದ್ದು ಹೋಯಿತು. ಮೂಗಿನ ಹೊಳ್ಳೆಯೊಳಗೆ ಪೂರ್ತಿ ಇಟ್ಟು ನೇರವಾಗಿ ಒತ್ತಬೇಕು. ಮಗು ಸೊರ್ ಎಂದು ಒಳಗೆಳೆಯಬಾರದು.

ಸೂಜಿಗೆ ಹೆದರಿ ತಡಮಾಡುವ ಹದಿಹರೆಯದವರಿಗೆ, ಚುಚ್ಚಲು ಕೈ ನಡುಗುವ ಅಜ್ಜಿಗೆ ಇದು ನಿಜವಾದ ವರ. ಶಾಖವನ್ನೂ ಪೆನ್ನಿಗಿಂತ ಚೆನ್ನಾಗಿ ತಾಳುತ್ತದೆ, ಬಾಳಿಕೆಯೂ ಹೆಚ್ಚು. ಆದರೆ ಒಪ್ಪಿಗೆ ಸಿಕ್ಕಿದ್ದು ಆರೋಗ್ಯವಂತರ ರಕ್ತದಲ್ಲಿ ಅಡ್ರಿನಲಿನ್ ಮಟ್ಟ ಇಂಜೆಕ್ಷನ್ನಿಗೆ ಸಮನಾಗಿ ಏರುತ್ತದೆ ಎಂಬ ಆಧಾರದ ಮೇಲೆ. ಮೂಗಿನಲ್ಲಿ ಪಾಲಿಪ್ (ಮೆತ್ತನೆಯ ಗಂಟು) ಇದ್ದವರಲ್ಲಿ, ಮೂಗಿನ ಶಸ್ತ್ರಚಿಕಿತ್ಸೆ ಆದವರಲ್ಲಿ ಮದ್ದು ಸರಿಯಾಗಿ ಹೀರದೆ ಹೋಗಬಹುದು. 15 ಕೆ.ಜಿ.ಗಿಂತ ಹಗುರಾದ ಮಗುವಿಗೆ ಇದು ಇಲ್ಲವೇ ಇಲ್ಲ. ವಿದೇಶದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ತಮ್ಮ ಡಾಕ್ಟರ ಬಳಿ ಕೇಳಿ ನೋಡಬೇಕಾದ ಆಯ್ಕೆ.

ಯಾರಿಗೆ ಯಾವುದು

ಒಂದರಿಂದ ನಾಲ್ಕು ವರ್ಷದ, 15 ಕೆ.ಜಿ. ತುಂಬದ ಮಗು, ಮನೆಯಲ್ಲೇ ಇರುತ್ತದೆ: ಆಂಪೂಲ್ ಡಬ್ಬಿ ಜೊತೆ ತುಂಬಿಟ್ಟ ಸಿರಿಂಜ್. ಈ ತೂಕಕ್ಕೆ ಡೋಸ್ ಸರಿಯಾಗಿ ಕೂರುವುದು ಇವೆರಡರಲ್ಲೇ.

ಶಾಲೆಗೆ ಹೋಗುವ ಮಗುವಿಗೆ, ಖರ್ಚು ನಿಭಾಯಿಸಬಹುದಾದರೆ, ಶಾಲೆಯಲ್ಲಿ ಎರಡು ಪೆನ್, ಮನೆಯಲ್ಲಿ ಆಂಪೂಲ್. ಟೀಚರು ಗಾಜು ಮುರಿದು ಅಳೆಯುತ್ತಾರೆಂದು ನಿರೀಕ್ಷಿಸುವುದು ಅವರಿಗೂ ಅನ್ಯಾಯ, ಮಗುವಿಗೂ ಅನ್ಯಾಯ. ಪೆನ್ ಆಗದಿದ್ದರೆ ತುಂಬಿಟ್ಟ ಸಿರಿಂಜ್ ಎರಡನ್ನು ಕೊಟ್ಟು, ಇಬ್ಬರು ಟೀಚರಿಗೆ ಎದುರಲ್ಲೇ ತೋರಿಸಿಕೊಡಿ. ಬೀರುವಿನ ಬೀಗದೊಳಗಲ್ಲ, ಕೈಗೆ ಸಿಗುವಲ್ಲಿ ಇಡಿಸಿ. ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಶೇಂಗಾ ಚಿಕ್ಕಿ ಹಂಚಿದ್ದುಂಟು. ಆ ಕಾರಣಕ್ಕೇ ಹೆಡ್‌ಮಾಸ್ತರರಿಗೆ ಬರಹದಲ್ಲಿ ತಿಳಿಸಿ, ಬಾಯಿಮಾತು ಸಾಲದು.

ಹದಿಹರೆಯದವರ ಕಷ್ಟ ಬೇರೆ. ಅವರು ಮದ್ದನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾರೆ, ಗೆಳೆಯರಿಗೆ ಹೇಳಿಕೊಳ್ಳಲು ನಾಚುತ್ತಾರೆ. ಅವರಿಗೆ ಜೇಬಿಗೆ ಹಿಡಿಯುವುದೇ ಸರಿಯಾದ ಆಯ್ಕೆ. ಡೋಸ್ ಎಷ್ಟೇ ನಿಖರವಾಗಿದ್ದರೂ ಕಪಾಟಿನಲ್ಲಿ ಉಳಿದ ಡಬ್ಬಿ ಕೆಲಸಕ್ಕೆ ಬಾರದು. ಜೊತೆಗೆ ಇಬ್ಬರು ಗೆಳೆಯರಿಗಾದರೂ ಹೇಳಿಕೊಟ್ಟಿರಬೇಕು. ಉಬ್ಬಸ ಇದ್ದವರಲ್ಲಿ ಅಪಾಯ ಇನ್ನೂ ಹೆಚ್ಚು. ಇನ್ಹೇಲರ್ ಕೊಡುವುದು ಅಡ್ರಿನಲಿನ್ ಆದ ಮೇಲೆ, ಅದರ ಬದಲಿಗಲ್ಲ.

ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಪೆನ್ನನ್ನೂ ಆಂಪೂಲನ್ನೂ ಬೈಕಿನ ಡಿಕ್ಕಿಯಲ್ಲಿ, ಕಾರಿನಲ್ಲಿ ಬಿಡಬೇಡಿ. 25 ಡಿಗ್ರಿಯ ಆಸುಪಾಸು ಸೂಕ್ತ, 30 ದಾಟಬಾರದು. ಫ್ರಿಜ್ ಕೂಡ ಬೇಡ. ಶಾಖ ತಡೆಯುವ ಊಟದ ಚೀಲದಲ್ಲಿ, ಐಸ್ ತಾಗಿಸದೆ ಇಡಬಹುದು.

ದೀರ್ಘಕಾಲದ ಚಿಕಿತ್ಸೆ ಬೇಕೇ?

ಇದು ಎರಡನೆಯ ಆಯ್ಕೆ. ಮೊದಲನೆಯದನ್ನು, ಅಂದರೆ ಅಡ್ರಿನಲಿನ್ ಜೊತೆಗಿಡುವುದನ್ನು, ಬಿಟ್ಟು ಇದಕ್ಕೆ ಹೋಗುವಂತಿಲ್ಲ.

ಕಡಲೆಕಾಯಿಯನ್ನು ಪೂರ್ತಿ ದೂರವಿಡುವುದಕ್ಕೆ ಖರ್ಚಿಲ್ಲ, ಎಚ್ಚರ ಮಾತ್ರ ಬೇಕು. ಚಿತ್ರಾನ್ನ, ಪುಳಿಯೋಗರೆ ಕಣ್ಣಿಗೆ ಕಾಣುತ್ತವೆ. ಎಣ್ಣೆಗಾಯಿಯ ಮಸಾಲೆ, ಶೇಂಗಾ ಹಿಂಡಿ ಬೆರೆಸಿದ ಪಲ್ಯ, ಹೋಟೆಲಿನ ಚಟ್ನಿ ಕಾಣುವುದಿಲ್ಲ. ಗಾಣದ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನ್ ಉಳಿದಿರುತ್ತದೆ; ಚೆನ್ನಾಗಿ ಸಂಸ್ಕರಿಸಿದ ಎಣ್ಣೆಯಲ್ಲಿ ಬಹುತೇಕ ಇರುವುದಿಲ್ಲ. ಹುರಿದರೂ ಅಲರ್ಜಿ ಗುಣ ಹೋಗುವುದಿಲ್ಲ.

ಬಾಯಿಯ ಮೂಲಕ ಒಗ್ಗಿಸುವ ಚಿಕಿತ್ಸೆಯಲ್ಲಿ ಅರ್ಧ ಮಿ.ಗ್ರಾಂ ಕಡಲೆಕಾಯಿ ಪ್ರೋಟೀನಿನಿಂದ ಶುರುಮಾಡಿ, ಎರಡೆರಡು ವಾರಕ್ಕೆ ಏರಿಸುತ್ತಾ ದಿನಕ್ಕೆ 300 ಮಿ.ಗ್ರಾಂಗೆ, ಅಂದರೆ ಸುಮಾರು ಒಂದು ಬೀಜಕ್ಕೆ ತರುತ್ತಾರೆ. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 4ರಿಂದ 17 ವರ್ಷದವರಲ್ಲಿ ಶೇ 67 ಮಂದಿ 600 ಮಿ.ಗ್ರಾಂ ತಾಳಿಕೊಂಡರು, ಹುಸಿಮದ್ದಿನವರಲ್ಲಿ ಶೇ 4. ಆದರೆ ಚಿಕಿತ್ಸೆಯ ಅವಧಿಯಲ್ಲೇ ತೀವ್ರ ಅಲರ್ಜಿ ಆಗುವ ಸಂಭವ ಹೆಚ್ಚುತ್ತದೆ. ಡೋಸ್ ಆದ ಎರಡು ಗಂಟೆ ಆಟ-ಓಟ ಕೂಡದು, ಜ್ವರ ಬಂದರೆ ಡಾಕ್ಟರನ್ನು ಕೇಳಬೇಕು, ಒಂದು ದಿನವೂ ಮರೆಯುವಂತಿಲ್ಲ. ಉಬ್ಬಸ ಹತೋಟಿಯಲ್ಲಿ ಇಲ್ಲದವರಿಗೆ ಇದು ಬೇಡವೇ ಬೇಡ. ಮನೆಯಲ್ಲೇ ಚೂರು ಚೂರು ತಿನ್ನಿಸಿ ನೋಡೋಣ ಎಂಬ ಪ್ರಯೋಗ ಖಂಡಿತ ಬೇಡ.

ಓಮಲಿಜುಮ್ಯಾಬ್ ಐಜಿಇ ಪ್ರತಿಕಾಯವನ್ನೇ ತಡೆಯುವ ಮದ್ದು, ಎರಡು ಅಥವಾ ನಾಲ್ಕು ವಾರಕ್ಕೊಮ್ಮೆಯ ಇಂಜೆಕ್ಷನ್. ಒಂದು ವರ್ಷ ಮೇಲ್ಪಟ್ಟವರಿಗೆ ಅಮೆರಿಕ 2024ರ ಫೆಬ್ರುವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಪ್ರಯೋಗದಲ್ಲಿ ಶೇ 67 ಮಂದಿ 600 ಮಿ.ಗ್ರಾಂ ತಾಳಿಕೊಂಡರು, ಹುಸಿಮದ್ದಿನವರಲ್ಲಿ ಶೇ 7. ಹಲವು ಆಹಾರಗಳಿಗೆ ಅಲರ್ಜಿ ಇರುವ ಮಗುವಿಗೆ ಉಪಯುಕ್ತ. ಬಲು ದುಬಾರಿ, ನಿಲ್ಲಿಸಿದರೆ ರಕ್ಷಣೆಯೂ ನಿಲ್ಲುತ್ತದೆ. ಇವೆರಡರಲ್ಲಿ ಯಾವುದೂ ಮಗುವಿಗೆ ಚಿಕ್ಕಿ ತಿನ್ನಲು ರಹದಾರಿ ಅಲ್ಲ. ಗೊತ್ತಿಲ್ಲದೆ ಬಾಯಿಗೆ ಹೋದ ಚೂರಿನಿಂದ ಕಾಪಾಡಲು ಮಾತ್ರ.

ಕೊಡುವ ಹೊತ್ತು

ತಿಂದ ಮೇಲೆ ಗಂಧೆಯ ಜೊತೆಗೆ ವಾಂತಿ ಅಥವಾ ಕೆಮ್ಮು ಸೇರಿದರೆ ಕೊಡಿ. ದನಿ ಒಡೆದರೆ, ಎದೆ ಸುಯ್‌ಗುಟ್ಟಿದರೆ, ಮಗು ಬಿಳಿಚಿಕೊಂಡು ಜೋಲು ಬಿದ್ದರೆ, ಗಂಧೆ ಒಂದೂ ಇಲ್ಲದಿದ್ದರೂ ಕೊಡಿ. ಐದರಲ್ಲೊಂದು ಸಲದವರೆಗೂ ಚರ್ಮದಲ್ಲಿ ಏನೂ ಕಾಣದೆಯೇ ಇರುತ್ತದೆ. ಮಗುವನ್ನು ಅಂಗಾತ ಮಲಗಿಸಿ ಕಾಲು ಎತ್ತರಿಸಿ. ಉಸಿರಾಟ ಕಷ್ಟವಾದರೆ ಕಾಲು ಚಾಚಿ ಒರಗಿಸಿ ಕೂರಿಸಿ. ಎಬ್ಬಿಸಿ ನಡೆಸಬೇಡಿ. ಆಟೋದವರೆಗೂ ಎತ್ತಿಕೊಂಡೇ ಹೋಗಿ. ತಟ್ಟನೆ ಎದ್ದು ನಿಂತಾಗಲೇ ಹೃದಯ ನಿಂತ ಪ್ರಕರಣಗಳಿವೆ. 108ಕ್ಕೆ ಕರೆ ಮಾಡಿ. ಐದು ನಿಮಿಷವಾದರೂ ಚೇತರಿಕೆ ಕಾಣದಿದ್ದರೆ ಇನ್ನೊಂದು ತೊಡೆಗೆ ಎರಡನೇ ಡೋಸ್.

ಕೊಟ್ಟ ಸಮಯವನ್ನೂ ಅಳತೆಯನ್ನೂ ಮಗುವಿನ ಅಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದು, ಖಾಲಿ ಸಿರಿಂಜನ್ನೋ ಇಂಜೆಕ್ಷನ್ ಪೆನ್ನನ್ನೋ ಆಸ್ಪತ್ರೆಗೆ ಒಯ್ದು ತೋರಿಸಿ. ಮಗು ಚೆನ್ನಾಗಿ ಕಂಡರೂ ಆರು ಗಂಟೆಯಾದರೂ ಅಲ್ಲಿರಿಸಿಕೊಳ್ಳಲು ಕೇಳಿ, ಯಾಕೆಂದರೆ ಮತ್ತೇನೂ ತಿನ್ನದೆಯೇ ಅಲರ್ಜಿ ಮರುಕಳಿಸಬಹುದು. ಮನೆಗೆ ಹೊರಡುವ ಮುನ್ನ ಆಸ್ಪತ್ರೆಯ ಮೆಡಿಕಲ್ ಶಾಪಿನಲ್ಲೇ ಹೊಸ ಆಂಪೂಲ್ ಕೊಂಡು ಡಬ್ಬಿಗೆ ಹಾಕಿಕೊಳ್ಳಿ. ಆ ರಾತ್ರಿಯೇ ಮತ್ತೆ ಬೇಕಾದೀತು.